ತರಬೇತಿ ಲೈಸೆನ್ಸಿನ ಕೀ

ಜೂನ್ 17, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಲೀಲಾಧರ ದೂರು ಹಿಡಿದು ಠಾಣೆಗೆ ಬಂದರು. ನವಿ ಮುಂಬಯಿಯ ಘಣಸೋಲಿಯಲ್ಲಿ ಅವರದೊಂದು ಸಿಮ್ಯುಲೇಟರ್ ಕೇಂದ್ರವಿತ್ತು. ಪೈಲಟ್ ಆಗಬಯಸುವ ಹುಡುಗರು ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸಲು ಕಲಿಯುತ್ತಿದ್ದರು.

"ಲೈಸೆನ್ಸಿನ ಕೀ ಕಳವಾಗಿದೆ ಸಾರ್, ನಾಲ್ಕು ದಿನದಿಂದ ಹುಡುಕ್ತಿದ್ದೇನೆ. ನೋಡ್ಲಿಕ್ಕೆ ಪೆನ್‌ಡ್ರೈವ್ ಹಾಗೆ ಇರ್ತದೆ. ಅದಿಲ್ಲದೆ ಸಾಫ್ಟ್‌ವೇರ್ ಶುರುವೇ ಆಗುದಿಲ್ಲ."

"ಮನ್ಯಾಗ ಹುಡುಗ್ರು ಆಡ್ತಾವಲ್ರಿ, ಅದು ನಡ್ಯೂದಿಲ್ಲೇನು?" ಇನ್ಸ್‌ಪೆಕ್ಟರ್ ಅಂಬಾದಾಸ ಕೇಳಿದರು.

"ಅದು ಮನೆ ಲೈಸೆನ್ಸ್. ಫೀಸ್ ತಗೊಂಡು ಅದ್ರಲ್ಲಿ ಕಲಿಸಿದ್ರೆ ನೀವು ನನ್ನನ್ನೇ ಒಳಗೆ ಹಾಕ್ತೀರಿ. ತರಬೇತಿಯದ್ದೇ ಬೇರೆ. ಹೊಸ ಕೀ ಬರ್ಲಿಕ್ಕೆ ಎರಡು ತಿಂಗಳು. ಅಷ್ಟರಲ್ಲಿ ಹುಡುಗ್ರ ಹಾರಾಟದ ಗಂಟೆಗಳು ತುಂಬದಿದ್ರೆ ಅವರ ವರ್ಷವೇ ಹೋಯ್ತು ಮಾರಾಯ್ರೆ."

"ಹೊರಗಿನವ್ರು ಯಾರರೆ ಬಂದಿದ್ರೇನು?"

"ಯಾರೂ ಇಲ್ಲ. ಹೋದ ವಾರ ಯತಿನ್ ಬಂದಿದ್ದ, ಅವನ ಹೆಡ್‌ಫೋನ್ ತಗೊಂಡು ಹೋಗ್ಲಿಕ್ಕೆ. ಅವ ನಮ್ಮವನೇ, ಕಲಿಸ್ತಿದ್ದ. ಲೋಕಲ್ ರೈಲಿನಿಂದ ಬಿದ್ದು ಕಾಲು ಹೋಯ್ತು, ಪಾಪ. ವಿಮಾನದ ಪೆಡಲ್ ತುಳಿಯುದು ಹೇಗೆ? ಬೇರೆಯವರನ್ನು ಇಟ್ಟೆ."

ಕಾನ್‌ಸ್ಟೇಬಲ್ ಮಲ್ಲಿಕಾ ಎಫ್‌ಐಆರ್ ಬರೆದುಕೊಂಡಳು. ಅವಳು ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ಮಧ್ಯಾಹ್ನ ಸ್ಥಳ ಪಂಚನಾಮೆಯ ಹೊತ್ತಿಗೆ ಅವಳ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಕದ್ದವನು ಯಂತ್ರವನ್ನು ಕ್ರಮವಾಗಿ ಬಂದ್ ಮಾಡಿ, ಧೂಳು ಕೂರದಂತೆ ಮೇಲೆ ಬಟ್ಟೆ ಹೊದಿಸಿ ಹೋಗಿದ್ದ.

ಕೆಲಸವಿಲ್ಲದೆ ಕೂತಿದ್ದ ವಿದ್ಯಾರ್ಥಿನಿ ಅಪರ್ಣಾಳನ್ನು ಮಲ್ಲಿಕಾ ಮಾತಾಡಿಸಿದಳು. ಸಿಮ್ಯುಲೇಟರ್ ಹಾರಿಸುವವರೆಲ್ಲ ಆನ್‌ಲೈನ್‌ನಲ್ಲಿ ಒಂದೇ ಆಕಾಶ ಹಂಚಿಕೊಳ್ಳುತ್ತಾರೆ, ಯಾರು ಎಲ್ಲಿ ಹಾರುತ್ತಿದ್ದಾರೆಂದು ನಕ್ಷೆಯಲ್ಲಿ ಕಾಣುತ್ತದೆ ಎಂದು ಅವಳು ಮೊಬೈಲ್ ತೆರೆದು ತೋರಿಸಿದಳು. ತೋರಿಸುತ್ತಲೇ ಅಲ್ಲಿದ್ದ ಒಂದು ವಿಮಾನದ ಮೇಲೆ ಬೆರಳಿಟ್ಟಳು.

"ಯೇ ತೋ ಯತಿನ್ ಸರ್ ಕಾ ನಂಬರ್ ಹೈ, ಮ್ಯಾಡಮ್. ಔರ್ ಯೇ ಪ್ಲೇನ್ ಘರ್‌ವಾಲೇ ಲೈಸೆನ್ಸ್ ಮೇ ಆತಾ ಹೀ ನಹೀ." ಅದು ಯತಿನ್ ಹೆಸರಿನ ಸದಸ್ಯ ಸಂಖ್ಯೆ; ಹಾರುತ್ತಿದ್ದ ವಿಮಾನವೋ ಮನೆ ಲೈಸೆನ್ಸಿನಲ್ಲಿ ಸಿಗದಂಥದ್ದು.

ಕೀ ಡೊಂಬಿವಲಿಯಲ್ಲಿ, ಯತಿನ್‌ನ ಮನೆಯಲ್ಲೇ, ಬಳಕೆಯಲ್ಲಿದೆ ಎಂದು ಮರುದಿನ ಸಾಫ್ಟ್‌ವೇರ್ ಕಂಪನಿಯ ಉತ್ತರ ಬಂತು.

"ಎಂಥಾ ಕಳ್ಳ ಇವ? ಹೆಸರು ಬದಲ್ ಮಾಡಿ ಹಾರಬಾರದಿತ್ತೇನು?" ಜೀಪಿನಲ್ಲಿ ಅಂಬಾದಾಸ ನಕ್ಕರು. ಮಲ್ಲಿಕಾಳಿಗೆ ನಗು ಬರಲಿಲ್ಲ. ಬೇರೆ ಹೆಸರಿನಲ್ಲಿ ಹಾರಿದ ಗಂಟೆಗಳು ಅವನವಾಗುವುದು ಹೇಗೆ?

ಸಂಜೆ 6.20. ಯತಿನ್‌ನ ತಾಯಿ ಲೋಲಾಕ್ಷಿ ಬಾಗಿಲು ತೆರೆದರು. ಖಾಕಿ ಕಂಡು ಪಕ್ಕಕ್ಕೆ ಸರಿದರು. ಒಳಗೆ ಯತಿನ್ ಹೆಡ್‌ಫೋನ್ ಹಾಕಿ ಪೆಡಲಿನ ಕೆಲಸವನ್ನೂ ಕೈಯಿಂದಲೇ ಮಾಡುತ್ತ ಪರದೆಯ ಮುಂದೆ ಕೂತಿದ್ದ. ಕುರ್ಚಿಗೆ ಊರುಗೋಲು ಒರಗಿಸಿತ್ತು. ಅವನು ತಿರುಗಿ ನೋಡಿದ.

"ಹುಬ್ಬಳ್ಳಿಯಲ್ಲಿ ಇಳಿಸಿ ಬರ್ತೇನೆ ಸಾರ್. ಆನ್‌ಲೈನಲ್ಲಿ ಆ ಕಡೆ ಒಬ್ಬ ದಾರಿ ಹೇಳ್ತಾ ಕೂತಿದ್ದಾನೆ. ಅರ್ಧದಲ್ಲಿ ಬಿಡುವ ಹಾಗಿಲ್ಲ."

ಅಂಬಾದಾಸ ಸ್ಟೂಲು ಎಳೆದುಕೊಂಡು ಕೂತರು. ಪರದೆಯಲ್ಲಿ ವಿಮಾನದ ಚಕ್ರ ನೆಲ ಮುಟ್ಟಿತು. ಯತಿನ್ ತಾನೇ ಕೀ ಕಿತ್ತು ಮೇಜಿನ ಮೇಲಿಟ್ಟ.

"ಮನಿ ಲೈಸೆನ್ಸ್ ಇರಲಿಲ್ಲೇನು ನಿನ್ ಹತ್ರ?"

"ಉಂಟು. ಅದು ತೆರೆದ ಕೂಡಲೇ ಪರದೆ ಮೇಲೆ ಬರ್ತದೆ, 'ಮನರಂಜನೆಗೆ ಮಾತ್ರ' ಅಂತ. ಕಾಲಿದ್ದಾಗ ಅದನ್ನು ಓದಿಯೇ ಇರ್ಲಿಲ್ಲ."

"ಆ ಹುಡುಗ್ರ ಗತಿ?"

"ನಾಳೆ ಕೊಟ್ಟು ಬರುವ ಅಂತ ದಿನಾ ಅಂದ್ಕೊಳ್ತಿದ್ದೆ."

ಮಲ್ಲಿಕಾ ಜಪ್ತಿ ಪಂಚನಾಮೆ ಮುಗಿಸಿ ಬಂಧನದ ನಮೂನೆ ತುಂಬತೊಡಗಿದಳು. ಉದ್ಯೋಗ ಏನೆಂದು ಅವನನ್ನು ಕೇಳಿದಳು.

"ಈಗ ಎಂತದೂ ಇಲ್ಲ ಮಗಾ," ಎಂದರು ಲೋಲಾಕ್ಷಿ.

 ಮಲ್ಲಿಕಾ 'ವಿಮಾನ ತರಬೇತುದಾರ' ಎಂದು ಬರೆದಳು. ಅಂಬಾದಾಸ ಅದನ್ನು ಓದಿ ಸಹಿ ಹಾಕಿದರು.