ಹದಿನೇಳು ಮಾರು ಹಗ್ಗ

"ಮಿಸ್, ಹಗ್ಗ ಉಳ್ಕೊಂಡೈತೆ. ಕತ್ತರಿಸ್ಬುಡ್ಲಾ?" ಲೋಹಿತ್ ಕತ್ತರಿ ಎತ್ತಿ ಹಿಡಿದ.

"ಬೇಡ ಕಣೋ! ಅದು ನಮ್ಮಜ್ಜಂದು!" ಪೂಜಿತಾ ಹಗ್ಗದ ತುದಿಯನ್ನು ಎದೆಗೆ ಒತ್ತಿಕೊಂಡಳು.

ದೋಣಿಗಲ್‌ನ ಮನೆಯಿಂದ ಅದನ್ನು ಹೊತ್ತು ತಂದು ಅವಳ ಹೆಗಲು ಉರಿಯುತ್ತಿತ್ತು. ಅಜ್ಜ ಗಿಡ್ಡಯ್ಯ ಎಸ್ಟೇಟಿನಲ್ಲಿ ನೆರಳಿನ ಮರಗಳ ಕೊಂಬೆ ಕಡಿದು ಈ ಹಗ್ಗದಲ್ಲೇ ಇಳಿಸುತ್ತಿದ್ದ. ಹೋದ ತಿಂಗಳು ಅವನು ದೇವರ ಪಾದ ಸೇರಿದ. ಅಂದಿನಿಂದ ಹಗ್ಗ ದೇವರ ಗೂಡಿನ ಪಕ್ಕದ ಮೊಳೆಯಲ್ಲೇ ಇತ್ತು. "ಹೆಂಗ್ ತಗೊಂಡೋಗ್ತೀಯೋ ಹಂಗೇ ತರ್ಬೇಕು" ಎಂದು ಹೇಳಿ ಅಮ್ಮ ಕೊಟ್ಟಿದ್ದಳು.

ರಾಜ್ಯೋತ್ಸವಕ್ಕೆ ಶಾಲೆಯ ಅಂಗಳದ ಉದ್ದಕ್ಕೂ ಹಗ್ಗ ಹಾಸಿ, ಆಯಾ ಕಾಲಕ್ಕೆ ಒಂದೊಂದು ಹೆಸರಿನ ಚೀಟಿ ಕಟ್ಟಿ ನಾಡಿನ ಇತಿಹಾಸವನ್ನು ತೋರಿಸಬೇಕಿತ್ತು. ಎರಡೂ ಕೈ ಚಾಚಿದರೆ ಒಂದು ಮಾರು. ಒಂದು ಮಾರಿಗೆ ನೂರು ವರ್ಷ. ಕದಂಬರಿಂದ ಇವತ್ತಿಗೆ ಸುಮಾರು ಹದಿನೇಳು ಮಾರು. ಪೂಜಿತಾ ಬೆಳಗಿನಿಂದ ಅಳೆದಿದ್ದಳು. ಚಾಲುಕ್ಯರು, ಹೊಯ್ಸಳರು, ವಿಜಯನಗರ, ಮೈಸೂರಿನ ಅರಸರು ಎಲ್ಲರನ್ನೂ ದಾಟಿ ಬರುವಷ್ಟರಲ್ಲಿ ತೋಳು ಬಿದ್ದುಹೋದಂತಾಗಿತ್ತು. ಹದಿನೇಳು ಮಾರು ಮುಗಿದರೂ ಹಗ್ಗ ಮುಗಿದಿರಲಿಲ್ಲ.

"ಸರಿಯಾಗಿ ಹದಿನೇಳು ಮಾರು ಐತೆ ಅಂತಿದ್ದ ಅಜ್ಜ..." ಪೂಜಿತಾ ಉಳಿದ ಹಗ್ಗವನ್ನು ಎತ್ತಿ ನೋಡಿದಳು.

"ನಿಮ್ಮಜ್ಜಂಗೆ ಲೆಕ್ಕ ಬರ್ತಿರ್ಲಿಲ್ಲ ಬುಡು," ಲೋಹಿತ್ ನಕ್ಕ.

ಗಂಗಾಮಣಿ ಮಿಸ್ ನಗಲಿಲ್ಲ. "ಅವರನ್ನ ನೋಡಿದ್ಯೇನೋ ನೀನು? ಹೆಸರಿಗೆ ಗಿಡ್ಡಯ್ಯ, ಕೈ ಚಾಚಿದ್ರೆ ಈ ಗೇಟಿನಷ್ಟು ಅಗಲ! ಇವಳ ಕೈ ಇನ್ನೂ ಚಿಕ್ಕದು ಕಣೋ. ಅದಕ್ಕೇ ಉಳಿದಿರೋದು. ಕತ್ತರಿ ಒಳಗಿಡು, ಉಳಿದ ಹಗ್ಗ ಸುತ್ತಿಡು."

ಲೋಹಿತ್ ಪೆಚ್ಚಾಗಿ ಸುತ್ತತೊಡಗಿದ. ಪೂಜಿತಾ ಕೊನೆಯ ಮಾರನ್ನು ಮತ್ತೆ ಕೈ ಚಾಚಿ ಹಿಡಿದಳು.

"ಮಿಸ್, ನಮ್ಮಜ್ಜ ಹುಟ್ಟಿದ್ದು ಎಲ್ಲಿ ಬರುತ್ತೆ?"

"ಯಾವ ಇಸವಿ?"

"ಸಾವಿರದ ಒಂಬೈನೂರ ಐವತ್ತಂತೆ."

ಮಿಸ್ ಅವಳ ಎಡ ಮೊಣಕೈ ಮುಟ್ಟಿದರು. "ಇಲ್ಲಿ. ಏಕೀಕರಣದ ಚೀಟಿಗಿಂತ ಒಂದು ಚೂರು ಹಿಂದೆ."

ಪೂಜಿತಾ ಎಡ ಮೊಣಕೈಯಿಂದ, ಇವತ್ತಿನ ದಿನವನ್ನು ಹಿಡಿದಿದ್ದ ಬಲಗೈಯ ಬೆರಳ ತುದಿಯವರೆಗೆ ಮೆಲ್ಲಗೆ ನೋಡಿದಳು. ಕದಂಬರು ಅಂಗಳದ ಆ ತುದಿಯಲ್ಲಿ, ಬೇಲಿಯ ಹತ್ತಿರ ಇದ್ದರು. ಅವರ ಚೀಟಿ ಓದಲೂ ಆಗುತ್ತಿರಲಿಲ್ಲ. ಅಜ್ಜ ಮಾತ್ರ ಪೂರ್ತಿಯಾಗಿ ಅವಳ ತೋಳುಗಳ ನಡುವೆಯೇ ಇದ್ದ.

"ಕೈ ಇಳಿಸೇ, ನೋಯಲ್ವಾ?" ಎಂದ ಲೋಹಿತ್.

ನೋಯುತ್ತಿತ್ತು. ಆದರೂ ಇನ್ನಷ್ಟು ಹೊತ್ತು ಅವಳು ಕೈ ಇಳಿಸಲಿಲ್ಲ.