ಲಿವರ್ ಮೇಲಿದ್ದ ಇನ್ನೊಂದು ಕೈ

"ನನ್ನನ್ನ ಬೇರೆಯವರಿಗೆ ಒಪ್ಪಿಸಿಬಿಟ್ರಂತೆ?"

ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲೇ ಅವಳು ಅವನನ್ನು ತಡೆದಳು. ಅವಳು ಹೆಲಿಕಾಪ್ಟರ್ ಹಾರಿಸಲು ಕಲಿಯುತ್ತಿದ್ದವಳು, ಅವನು ಕಲಿಸುತ್ತಿದ್ದವನು. ನಿನ್ನೆಯವರೆಗೆ.

ಅವನ ಬೆನ್ನ ಹಿಂದೆ, ಟಾರ್ಪಾಲಿನಡಿ ಸುಟ್ಟ ಲೋಹದ ರಾಶಿ. ಎಂಜಿನ್ ಕೆಟ್ಟಿದೆ ಎಂದುಕೊಂಡು ಇಳಿಯುವ ಅಭ್ಯಾಸ ಮಾಡುವಾಗ, ಹೋದ ವಾರ ಬಿದ್ದ ಹೆಲಿಕಾಪ್ಟರ್. ಎಂಜಿನ್ ಕೆಟ್ಟಿರಲೇ ಇಲ್ಲ. ಆದರೂ ಅದರಲ್ಲಿದ್ದ ಇಬ್ಬರು, ಒಬ್ಬ ಶಿಷ್ಯ, ಒಬ್ಬ ಗುರು, ಮನೆಗೆ ಮರಳಲಿಲ್ಲ.

"ಹೌದು," ಎಂದ, ಕಣ್ಣೆತ್ತದೆ.

"ಯಾಕೆ? ಚೆನ್ನಾಗಿ ಇಳಿಸ್ತೀಯ ಅಂತ ನೀವೇ ಹೊಗಳಿದ್ರಲ್ಲ ಸರ್!"

ಗಾಳಿಗೆ ಟಾರ್ಪಾಲಿನ ಅಂಚು ಪಟಪಟ ಬಡಿಯಿತು.

'ಇವರಿಗೆ ನಾನು ಭಾರವಾದೆನಾ...' ಎಂದುಕೊಂಡ ಅವಳು ಬಾಗಿಲು ಬಿಟ್ಟು ಸರಿದಳು. "ಸರಿ. ನಾಳೆ ಹೊಸ ಸರ್ ಜೊತೆ ಹಾರ್ತೀನಿ. ನಿಮ್ಮ ಹಂಗೇ ಬೇಡ!"

"ಅವರಿಗೆ ನಿಜ ಹೇಳದೆ ಹಾರಬೇಡ!" ಅವನು ತಟ್ಟನೆ ತಲೆಯೆತ್ತಿದ. "ನಿನಗೆ ಇಳಿಸೋಕೆ ಬರಲ್ಲ."

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ನೆಲ ಹತ್ತಿರ ಬಂದ್ರೆ ಹೆದರಿ ಮೇಲೆತ್ತೋ ಲಿವರ್ ಎಳೀತೀಯ. ಬೇಗ ಎಳೆದ್ರೆ ಮೇಲೆ ತಿರುಗೋ ರೆಕ್ಕೆಗಳ ವೇಗ ಅಲ್ಲೇ ಮುಗಿಯುತ್ತೆ. ಆಮೇಲೆ ಕಲ್ಲಿನ ಹಾಗೆ ಬೀಳೋದೇ. ಪ್ರತಿ ಸಲ ನನ್ನ ಕಡೆಯ ಲಿವರ್ ನಾನು ಒತ್ತಿ ಹಿಡಿದಿದ್ದೆ..."

ಎರಡು ಲಿವರ್‌ಗಳೂ ಒಟ್ಟಿಗೇ ಚಲಿಸುತ್ತವೆ. ತನ್ನ ಕೈಯ ಸ್ಥಿರತೆಯೆಂದು ಅವಳು ಹೆಮ್ಮೆಪಟ್ಟದ್ದು ಅವನ ಕೈಯ ಬಲವಾಗಿತ್ತು!

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಬೈದ್ರೆ ನಿನ್ನ ಮುಖ ಬಾಡುತ್ತಲ್ಲ... ಅದನ್ನ ನೋಡೋಕಾಗಲ್ಲ ನನಗೆ." ಅವನು ಟಾರ್ಪಾಲಿನತ್ತ ತಿರುಗಿದ. "ಆ ಶಿಷ್ಯನೂ ಬೇಗ ಎಳೆದಿದ್ದ. ಪಕ್ಕದ ಗುರುವಿನ ಕೈ ಒಂದೇ ಒಂದು ಸಲ ತಡವಾಯ್ತು. ನನ್ನ ಪ್ರೀತೀನೇ ನಿನ್ನ ಕೊಲ್ಲುತ್ತೆ ಅನ್ನಿಸ್ತು. ಬೈಯೋಕೆ ಧೈರ್ಯ ಇರೋರ ಹತ್ರ ಕಲೀಲಿ ಅಂತ ಬಿಟ್ಟೆ."

ಪ್ರೀತಿ! ಉರಿಯುವ ಕೋಪದ ನಡುವೆಯೂ ಆ ಮಾತು ಎದೆಗಿಳಿಯಿತು.

"ನೀವೇ ಕಲಿಸಿ," ಎಂದಳು. "ಬಾಯ್ತುಂಬ ಬೈಯಿರಿ. ಕೈ ಮಾತ್ರ ಮಂಡಿ ಮೇಲಿರಲಿ."

ಮೊದಲು ಬಹಳ ಎತ್ತರದಲ್ಲಿ ಕಲಿತಳು, ತಪ್ಪಿದರೂ ಎಂಜಿನ್ ಮತ್ತೆ ಕೈಹಿಡಿಯುವಷ್ಟು ಎತ್ತರದಲ್ಲಿ. ಬೈಗುಳ ತಿಂದಳು. ಅತ್ತಳು. ಮತ್ತೆ ಹತ್ತಿದಳು.

ಕೊನೆಗೊಂದು ಮಧ್ಯಾಹ್ನ, ನೆಲದವರೆಗೆ.

ಅವನು ಎಂಜಿನ್ನಿನ ಶಕ್ತಿ ತಗ್ಗಿಸಿದ. ಹೆಲಿಕಾಪ್ಟರ್ ನೆಲದತ್ತ ಕುಸಿಯತೊಡಗಿತು. ಕೆಳಗಿನ ಹುಲ್ಲು ಮೇಲೇರಿ ಬರುತ್ತಿತ್ತು... ಅವಳ ಬೆರಳು ತವಕಿಸಿದವು.

"ಈಗಲ್ಲ!"

ಇನ್ನೂ ಹತ್ತಿರ. ಟಾರ್ಪಾಲಿನ ಪಟಪಟ ಕಿವಿಯಲ್ಲೇ ಕೇಳಿದಂತಾಯಿತು.

"ಈಗಲ್ಲ ಕಣೇ... ಈಗ!"

ಎಳೆದಳು. ಹುಲ್ಲನ್ನು ಸವರಿಕೊಂಡು ಹೆಲಿಕಾಪ್ಟರ್ ನಿಂತಿತು.

ತಿರುಗಿ ನೋಡಿದಳು. ಅವನ ಹತ್ತೂ ಬೆರಳು ಮಂಡಿಯೊಳಗೆ ಹೂತಿದ್ದವು.

"ಇದು ನಂದೇನಾ?"

"ಪೂರ್ತಿ ನಿಂದೇ."

"ಹಾಗಾದ್ರೆ ಉಸಿರು ಬಿಡಿ ಸರ್. ಅಂದಹಾಗೆ... ಕಣೇ ಅಂದ್ರಿ."

"ಗೊತ್ತಿಲ್ದೆ ಬಂದುಬಿಡ್ತು..."

"ಬಂದದ್ದು ಇರಲಿ," ಎಂದು, ಮಂಡಿಯಿಂದ ಅವನ ಕೈ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡಳು. "ಇನ್ನು ಹಿಡ್ಕೊಳ್ಳಿ. ನನಗೆ ಗೊತ್ತಾಗೋ ಹಾಗೆ."