ಪ್ಯಾರಿಸ್ಸಿನ ಹೂವಾಡಗಿತ್ತಿ

“ಸುಭದ್ರಾ ಆಂಟಿ, ನಾನು ಕದ್ದಿಲ್ಲ. ಅಂಕಲ್ ನಾಳೆಯೊಳಗೆ ರೂಮು ಖಾಲಿ ಮಾಡು ಅಂದ್ಬಿಟ್ರು.”

೨೦೧೪ರ ಡಿಸೆಂಬರ್. ಆಸ್ಟ್ರೇಲಿಯಾದ ಪರ್ತ್ ನಗರದ ಬೆಂಟ್ಲಿಯಲ್ಲಿ ಸುಭದ್ರಾಳ ಫ್ರೇಮ್ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ನಾನು ಗಾಜು ಒರೆಸುತ್ತಿದ್ದೆ. ಬಂದವಳು ಕವನಾ, ಡಾಕ್ಟರ್ ನಂಜುಂಡಸ್ವಾಮಿಯವರ ಮನೆಯಲ್ಲಿ ಬಾಡಿಗೆಗಿದ್ದು ಚಿತ್ರಕಲೆ ಓದುವ ಹುಡುಗಿ. ಡಾಕ್ಟರ ಮನೆಯ ಹಾಲ್‌ನಲ್ಲಿದ್ದ ಹಳೆಯ ಫ್ರೆಂಚ್ ಕಲಾವಿದನ ಅಚ್ಚುಚಿತ್ರ ಅಸಲಿಯಲ್ಲ, ಯಂತ್ರದ ನಕಲು ಅಂತ ತಜ್ಞರೊಬ್ಬರು ಹೇಳಿದ್ದರಂತೆ. ಯಾರೋ ಅಸಲಿ ಕದ್ದು ಅದರ ಜಾಗದಲ್ಲಿ ನಕಲು ಇಟ್ಟಿದ್ದರು. ಕಳೆದ ತಿಂಗಳು ಮನೆಯವರು ಅಡಿಲೇಡಿಗೆ ಹೋಗಿದ್ದಾಗ ಬೀಗದಕೈ ಇದ್ದದ್ದು ಇಬ್ಬರ ಹತ್ತಿರ: ಇವಳು, ಮತ್ತು ಡಾಕ್ಟರ ಗೆಳೆಯ ಚಾಮರಾಜ.

“ಆ ಚಿತ್ರದ ಫೋಟೊ ತೆಗೆದವಳು ನೀನೇ ಅಲ್ವೇನೆ?” ಅಂತ ಕೇಳಿದಳು ಸುಭದ್ರಾ.

“ಹೌದು ಆಂಟಿ, ಕಾಲೇಜಿನ ಪ್ರಬಂಧಕ್ಕೆ.”

“ಆ ಪ್ರಬಂಧ ಕೊಡು,” ಅಂದಳು ಸುಭದ್ರಾ.

ಸಂಜೆ ಡಾಕ್ಟರ ಮನೆಯ ಹಾಲ್‌ನಲ್ಲಿ ಎಲ್ಲರೂ ಸೇರಿದೆವು. ನಕಲು ಗೋಡೆಯ ಮೇಲೇ ಇತ್ತು. ಮಳೆ ನಿಂತ ಪ್ಯಾರಿಸ್ ಬೀದಿ, ಛತ್ರಿ ಹಿಡಿದ ಹೆಂಗಸರು, ಒಂದು ಬಡಕಲು ನಾಯಿ. ಮುಂದೆ ಹೂವಾಡಗಿತ್ತಿ ಬಲಗೈ ಚಾಚಿ ಹೂಗೊಂಚಲು ಕೊಡುತ್ತಿದ್ದಳು.

ಕವನಾ ಕಾಫಿ ತಂದಳು. ಚಾಮರಾಜ ಲೋಟ ಮುಟ್ಟಲಿಲ್ಲ.

“ಬಲಗೈಲಿ ಕೊಡಮ್ಮ! ಎಡಗೈಲಿ ಯಾರಾದ್ರೂ ಕೊಡ್ತಾರಾ?”

“ನಾನು ಲೆಫ್ಟಿ ಅಂಕಲ್.”

“ಇರ್ಬಹುದು. ಅಭ್ಯಾಸ ಮಾಡ್ಕೋಬೇಕಮ್ಮ.”

ಅವಳು ಕೈ ಬದಲಿಸಿದ ಮೇಲೇ ಆತ ಲೋಟ ತೆಗೆದುಕೊಂಡದ್ದು. ಸುಭದ್ರಾ ಎದ್ದು ಚಿತ್ರದ ಪಕ್ಕ ನಿಂತಳು.

“ಡಾಕ್ಟ್ರೇ, ಆರು ವರ್ಷದ ಹಿಂದೆ ಇದಕ್ಕೆ ಫ್ರೇಮ್ ಹಾಕಿದ್ದು ನಾನು. ಅಸಲಿಯಲ್ಲಿ ಇವಳು ಹೂ ಕೊಡೋದು ಎಡಗೈಲಿ. ಅದು ಕಲ್ಲಚ್ಚಿನ ಚಿತ್ರ; ಕಲಾವಿದ ಅಚ್ಚಿನ ಕಲ್ಲಿನ ಮೇಲೆ ಬಲಗೈ ಬರೆದ. ಅದರ ಮೇಲೆ ಕಾಗದ ಒತ್ತಿದಾಗ ತಿರುವುಮುರುವಾಯ್ತು, ರಬ್ಬರ್ ಸ್ಟಾಂಪಿನ ಹಾಗೆ. ಕಳ್ಳ ತಾನು ಫೋನಿನಲ್ಲಿ ತೆಗೆದ ಫೋಟೊದಲ್ಲಿ ಎಡಗೈ ನೋಡಿದ. ಫೋಟೊನೇ ಉಲ್ಟಾ ಬಂದಿದೆ ಅಂದ್ಕೊಂಡು, ತಿರುಗಿಸಿ ಪ್ರಿಂಟ್ ಹಾಕಿಸಿದ.”

“ಕವನಾನೇ ಯಾಕೆ ತಿರುಗಿಸಿರಬಾರದು?” ಅಂದರು ಡಾಕ್ಟರು.

“ಅಕ್ಟೋಬರಿನಲ್ಲೇ ಕಾಲೇಜಿಗೆ ಕೊಟ್ಟ ಪ್ರಬಂಧ ಇದು. ಆ ಎಡಗೈ ಯಾಕೆ ಬಂತು ಅಂತಲೇ ಎರಡು ಪುಟ ಬರೆದಿದ್ದಾಳೆ. ಗೊತ್ತಿದ್ದವಳು ತಿದ್ದೋಕೆ ಹೋಗ್ತಾಳಾ? ಇನ್ನೊಂದು ಬೀಗದಕೈ ಯಾರ ಹತ್ರ ಇತ್ತು, ನೀವೇ ಹೇಳಿ.”

ಚಾಮರಾಜ ಲೋಟ ಕೆಳಗಿಟ್ಟ.

“ಎಷ್ಟು ಸಲ ಕೇಳಿದೆ ನಂಜುಂಡ, ಕೊಡಲಿಲ್ಲ ನೀನು. ಒಂದು ದಿನಾನಾದ್ರೂ ಅದನ್ನ ನೆಟ್ಟಗೆ ನೋಡಿದ್ಯಾ? ನಮ್ಮನೇಲಿದೆ, ತಂದ್ಕೊಡ್ತೀನಿ.”

“ನೀವೂ ನೋಡಿರ್ಲಿಲ್ಲ ಚಾಮರಾಜ್,” ಅಂದಳು ಸುಭದ್ರಾ. “ನೋಡಿದ್ರೆ ಸಿಕ್ಕಿಹಾಕ್ಕೊಳ್ತಿರ್ಲಿಲ್ಲ.”

ಡಾಕ್ಟರು ಕವನಾ ಕಡೆ ತಿರುಗಿದರು. “ರೂಮು ನಿಂದೇ ಕಣಮ್ಮ. ಇದ್ಬಿಡು.”

“ಬೇಡ ಅಂಕಲ್. ಒಂದು ಮಾತೂ ಕೇಳದೆ ಕಳ್ಳಿ ಅಂದ್ರಿ.”

“ನಮ್ಮನೆ ಮಹಡಿ ರೂಮು ಖಾಲಿ ಇದೆ,” ಅಂದೆ ನಾನು.

ಕವನಾ ಸೂಟ್‌ಕೇಸ್ ತರಲು ಒಳಗೆ ಹೋದಳು. ಡಾಕ್ಟರು ಎದ್ದು ನಿಂತರು. ನಾನು ಹೊರಗೆ ಹೋಗಿ ಕಾರಿನ ಡಿಕ್ಕಿ ತೆಗೆದೆ.